ಸುಣ್ಣದ ಗೋಡೆ, ಹುರಮಂಜಿನ ಪಟ್ಟಿ

ಮಾನೌಮಿ ಹತ್ತಿರ ಬಂದಿದೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಅನಗವಾಡಿಯ ಸೇತುವೆಯಡಿ ತುಂಬಿ ನಿಂತಿದೆ. ಊರೊಳಗಿನ ಹಳೆಯ ಮಾಳಿಗೆ ಮನೆಯ ಸಾಮಾನೆಲ್ಲ ಅಂಗಳದಲ್ಲಿದೆ. ಹರವಿಯಲ್ಲಿ ಸುಣ್ಣದ ಹರಳು ನೀರು ಕುಡಿದು ಕೊತಕೊತ ಕುದಿಯುತ್ತಿದೆ. ಅದು ತಣಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಬೇಕು. ಆಗ ಹಳದಿ ಛಾಯೆ ಅಡಗಿ ಬಿಳುಪು ಎದ್ದು ಬರುತ್ತದೆ. ಪಕ್ಕದ ಡಬ್ಬಿಯಲ್ಲಿ ಹುರಮಂಜು ನೆನೆದು ಕೆಂಪಾಗಿ ಕೂತಿದೆ.

“ಅತ್ತಿ, ಪಡಸಾಲಿಗೆಲ್ಲಾ ಕೆಂಪ ಬ್ಯಾಡ್ರಿ, ಹಗಲ ಹೊತ್ತಿನ್ಯಾಗ ಕತ್ತಲಾಗತೈತಿ.”

“ಎಲ್ಲಾ ಬ್ಯಾಡವಾ, ಬುಡಕ್ಕ ಒಂದ ಮೊಳ ಇರ್ಲಿ. ನೆಲಾ ಸಾರಸೂಮುಂದ ಸಗಣಿ ನೀರು ಸಿಡದ್ರ ಬಿಳಿ ಗ್ವಾಡಿ ಎರಡ ದಿನಾ ಚಂದ ಇರೂದಿಲ್ಲ.”

ಇಬ್ಬರ ಮಾತೂ ಖರೆ. ಈ ಮನೆಯ ಗೋಡೆ ದಪ್ಪ ಮಣ್ಣಿನದು, ಕಿಟಕಿ ಕಡಿಮೆ. ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ, ಒಂದೇ ಕೋಲಾಗಿ. ಬಿಳಿ ಗೋಡೆ ಅದರ ಬಹುಪಾಲನ್ನು ಕೋಣೆಗೇ ಮರಳಿಸುತ್ತದೆ; ಜೋಳ ಹಸನು ಮಾಡುವವಳಿಗೆ ಕಲ್ಲು ಕಾಣುವುದು ಈ ಮರಳಿದ ಬೆಳಕಿನಲ್ಲೇ. ಕೆಂಪು ಅದನ್ನು ನುಂಗಿಬಿಡುತ್ತದೆ. ಆದರೆ ಕಲೆಯನ್ನೂ ನುಂಗುತ್ತದೆ. ಕಬ್ಬಿಣದ ಅಂಶದಿಂದ ಬಂದ ಈ ಬಣ್ಣ ಬಿಸಿಲಿಗೆ ಮಾಸುವಂಥದ್ದಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ ಬಳಿಯ ಸಿಡಿಲಫಡಿಯಲ್ಲಿ ಆದಿಮಾನವರು ಬಂಡೆಗೆ ಬಳಿದ ಕೆಂಪು ಇನ್ನೂ ಉಳಿದಿದೆ.

ಮೊದಲ ಕೈ ಹಚ್ಚಿದಾಗ ಸುಣ್ಣ ಬರೀ ನೀರಾಗಿಯೇ ಕಾಣುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಲೋಕಾಪುರ, ಬಾಗಲಕೋಟೆ ಸುತ್ತಿನ ನೆಲದಡಿ ಇರುವುದೂ ಅದೇ ಕಲ್ಲು. ಸ್ವಂತ ನೆಲವನ್ನೇ ಗೋಡೆಗೆ ಬಳಿದುಕೊಳ್ಳುವ ಈ ಬಿಳುಪಿನ ಮೇಲೆ ನನಗೆ ಹೆಚ್ಚಿನ ಮಮತೆ.

ಹಿನ್ನೀರಿಗೆ ಮನೆ ಕಳೆದುಕೊಂಡವರ ಪುನರ್ವಸತಿ ಕೇಂದ್ರಗಳ ಆರ್‌ಸಿಸಿ ಮನೆಗಳ ಲೆಕ್ಕ ಬೇರೆ. ಅಲ್ಲಿ ದೊಡ್ಡ ಕಿಟಕಿಗಳಿವೆ. ಒಂದು ಗೋಡೆಗೆ ಗಾಢ ಕೆಂಪು, ಉಳಿದ ಮೂರಕ್ಕೆ ಮಜ್ಜಿಗೆ ಬಣ್ಣ ಹಚ್ಚಿದರೂ ಕೋಣೆ ಕುಗ್ಗುವುದಿಲ್ಲ. ಅದನ್ನು ನೋಡಿ ಹಳೆಯ ಮನೆಯವರೂ ಹೊಳೆಯುವ ಪೇಂಟ್ ತರುತ್ತಾರೆ. ಅದು ಮಾತ್ರ ಬೇಡ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ; ಪ್ಲಾಸ್ಟಿಕ್ ಪೇಂಟ್ ಕೊಡದೆ ಗುಳ್ಳೆ ಎದ್ದು, ಮೇಲಿನ ಮಣ್ಣನ್ನೂ ಕಿತ್ತುಕೊಂಡು ಉದುರುತ್ತದೆ.