ಒಂದು ಎಲೆಕ್ಟ್ರಾನ್ ಬಿಡಿಸುವುದಕ್ಕೂ ಖರ್ಚಿದೆ

ಒಲೆಯ ಮೇಲಿಟ್ಟ ಸಾರು ಉಕ್ಕಿ ಬರ್ನರಿಗೆ ಸುರಿದಾಗ ಗ್ಯಾಸಿನ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ನೋಡಿರುತ್ತೀರಿ. ಆ ಹಳದಿ ಬೇಳೆಯದೂ ಅಲ್ಲ, ಅರಿಸಿನದ್ದೂ ಅಲ್ಲ, ಉಪ್ಪಿನಲ್ಲಿರುವ ಸೋಡಿಯಂನದು. ಇನ್ನೂ ಕರಾರುವಾಕ್ಕಾಗಿ ಹೇಳಬೇಕೆಂದರೆ, ಸೋಡಿಯಂ ಪರಮಾಣುವಿನ ಹನ್ನೊಂದು ಎಲೆಕ್ಟ್ರಾನ್‌ಗಳ ಪೈಕಿ ತೀರಾ ಹೊರಗಿರುವ ಒಂದೇ ಒಂದರದು. ಉರಿಯ ಶಾಖಕ್ಕೆ ಅದು ಮೇಲಿನ ಶಕ್ತಿಮಟ್ಟಕ್ಕೆ ಜಿಗಿದು, ಮರುಗಳಿಗೆಯಲ್ಲೇ ಕೆಳಗಿಳಿಯುತ್ತದೆ. ಇಳಿಯುವಾಗ ಸುಮಾರು 589 ನ್ಯಾನೊಮೀಟರ್ ತರಂಗಾಂತರದ ಹಳದಿ ಬೆಳಕನ್ನು ಬಿಡುತ್ತದೆ. ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ಗ್ಯಾಸಿನ ಉರಿಗೆಲ್ಲ ಜಗ್ಗುವುದಿಲ್ಲ.

ಹೀಗೆ ಹೊರಕವಚದಲ್ಲಿರುವವೇ ವೇಲೆನ್ಸ್ ಎಲೆಕ್ಟ್ರಾನ್‌ಗಳು. ಯಾವ ಧಾತು ಯಾವುದರ ಜೊತೆ ಕೂಡುತ್ತದೆ, ಹೇಗೆ ಕೂಡುತ್ತದೆ ಎಂಬುದು ಬಹುಪಾಲು ಇವುಗಳ ಕೈಯಲ್ಲಿದೆ. ಸೋಡಿಯಂನ ವಿನ್ಯಾಸ 2, 8, 1. ಹೊರಗಿನ ಒಂದು ಹೋದರೆ ಉಳಿಯುವುದು ಹತ್ತು ಎಲೆಕ್ಟ್ರಾನ್; ಬೀಜಕೇಂದ್ರದಲ್ಲಿ ಪ್ರೋಟಾನ್ ಮಾತ್ರ ಹನ್ನೊಂದೇ. ಹಾಗಾಗಿ ಅದು ಒಂದು ಧನಾವೇಶವುಳ್ಳ ಅಯಾನು. ಕ್ಲೋರಿನ್ 2, 8, 7. ಅದಕ್ಕೆ ಒಂದು ಎಲೆಕ್ಟ್ರಾನ್ ಸೇರಿದರೆ ಋಣ ಅಯಾನು. ಇಷ್ಟನ್ನು ಎಂಟನೇ ತರಗತಿಯ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ.

ನನ್ನ ತಕರಾರು ಇರುವುದು ಮುಂದಿನ ವಾಕ್ಯದ ಬಗ್ಗೆ. 'ಸೋಡಿಯಂ ಎಲೆಕ್ಟ್ರಾನ್ ಕೊಡಲು ಬಯಸುತ್ತದೆ, ಕ್ಲೋರಿನ್ ಪಡೆಯಲು ಬಯಸುತ್ತದೆ, ಎಂಟು ಆದಾಗ ಇಬ್ಬರಿಗೂ ಸಮಾಧಾನ' ಎಂದು ಗೈಡುಗಳು ಬರೆಯುತ್ತವೆ. ಪರಮಾಣುವಿಗೆ ಬಯಕೆಯೂ ಇಲ್ಲ, ಔದಾರ್ಯವೂ ಇಲ್ಲ. ಇರುವುದು ಶಕ್ತಿಯ ಜಮಾ-ಖರ್ಚು ಮಾತ್ರ.

ಆ ಲೆಕ್ಕವನ್ನೇ ನೋಡೋಣ. 23 ಗ್ರಾಂ ಸೋಡಿಯಂ ಆವಿಯ ಪ್ರತಿ ಪರಮಾಣುವಿನಿಂದ ಒಂದೊಂದು ಎಲೆಕ್ಟ್ರಾನ್ ಕಿತ್ತುಹಾಕಲು 496 ಕಿಲೊಜೂಲ್ ಶಕ್ತಿ ಬೇಕು. ಕೊಡಲು ತುದಿಗಾಲಲ್ಲಿ ನಿಂತಿದ್ದರೆ ಇಷ್ಟು ಖರ್ಚೇಕೆ? ಅಷ್ಟೂ ಎಲೆಕ್ಟ್ರಾನ್‌ಗಳನ್ನು 35.5 ಗ್ರಾಂ ಕ್ಲೋರಿನ್ ಪರಮಾಣುಗಳು ತೆಗೆದುಕೊಂಡಾಗ ಹೊರಬರುವುದು 349 ಕಿಲೊಜೂಲ್. ಅಂದರೆ 147 ಕಿಲೊಜೂಲ್ ನಷ್ಟ. ಬರೀ ಎಲೆಕ್ಟ್ರಾನ್ ಕೊಡು-ಕೊಳ್ಳುವಿಕೆಯಿಂದಲೇ ಉಪ್ಪಾಗುವುದಾಗಿದ್ದರೆ ಜಗತ್ತಿನಲ್ಲಿ ಉಪ್ಪೇ ಇರುತ್ತಿರಲಿಲ್ಲ.

ಲಾಭ ಬರುವುದು ಆಮೇಲೆ. ವಿರುದ್ಧ ಆವೇಶದ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಜೋಡಿಸಿಕೊಳ್ಳುವಾಗ 787 ಕಿಲೊಜೂಲ್ ಬಿಡುಗಡೆಯಾಗುತ್ತದೆ. ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸುವ ಮತ್ತು ಕ್ಲೋರಿನ್ ಜೋಡಿಗಳನ್ನು ಒಡೆಯುವ ಖರ್ಚನ್ನೂ ಕಳೆದರೆ, 58.5 ಗ್ರಾಂ ಉಪ್ಪಿಗೆ ಸುಮಾರು 411 ಕಿಲೊಜೂಲ್ ಉಳಿಯುತ್ತದೆ. ಕಾದ ಸೋಡಿಯಂ ಕ್ಲೋರಿನ್ ಅನಿಲದಲ್ಲಿ ಧಗಧಗ ಉರಿಯುವುದು ಇದೇ ಕಾರಣಕ್ಕೆ.

ಹರಳಿನ ಒಳಗೆ ಏನಿದೆ ಎಂಬುದನ್ನು ಕ್ಷಕಿರಣ ಹಾಯಿಸಿ 1913ರಲ್ಲಿ ತೋರಿಸಿದವರು ವಿಲಿಯಂ ಲಾರೆನ್ಸ್ ಬ್ರಾಗ್. ಆಗಿನ್ನೂ ಅವರಿಗೆ 23 ವರ್ಷ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಒಂದು ಸೋಡಿಯಂ, ಒಂದು ಕ್ಲೋರಿನ್ ಕೈಹಿಡಿದು ನಿಂತ ಜೋಡಿ ಅಲ್ಲೆಲ್ಲೂ ಇಲ್ಲ. ಇಂಗ್ಲೆಂಡಿನ ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ಅವರಿಗೆ ಇದು ಎಷ್ಟು ಅಸಹನೀಯವಾಗಿತ್ತೆಂದರೆ, 1927ರಲ್ಲೂ 'ನೇಚರ್' ಪತ್ರಿಕೆಗೆ ಪತ್ರ ಬರೆದು ಗೇಲಿ ಮಾಡಿದರು. ಗೆದ್ದದ್ದು ಬ್ರಾಗ್.

ಸರಿ, ಹರಳಾಗುವುದರಲ್ಲಿ ಅಷ್ಟು ಲಾಭವಿದ್ದರೆ ಸೋಡಿಯಂ ಇನ್ನೊಂದು ಎಲೆಕ್ಟ್ರಾನನ್ನೂ ಬಿಟ್ಟು ಆವೇಶ ಹೆಚ್ಚಿಸಿಕೊಳ್ಳಬಹುದಲ್ಲ? ಕೇಳಬೇಕಾದ ಪ್ರಶ್ನೆಯೇ. ಆದರೆ ಎರಡನೆಯದರ ಬೆಲೆ 4,562 ಕಿಲೊಜೂಲ್, ಮೊದಲನೆಯದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು. ಹೊರಗಿನ ಎಲೆಕ್ಟ್ರಾನಿಗೂ ಬೀಜಕೇಂದ್ರಕ್ಕೂ ನಡುವೆ ಹತ್ತು ಎಲೆಕ್ಟ್ರಾನ್‌ಗಳ ಮರೆಯಿದೆ, ಸೆಳೆತ ಅದನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಒಳಕವಚದ್ದು ಕೇಂದ್ರಕ್ಕೆ ಹತ್ತಿರ, ಮರೆಯೂ ಕಡಿಮೆ. ಅಷ್ಟು ಖರ್ಚನ್ನು ಯಾವ ಹರಳೂ ತುಂಬಿಕೊಡಲಾರದು.

ಮೆಗ್ನೀಸಿಯಂನಲ್ಲಿ ಈ ನೆಗೆತ ಒಂದು ಹೆಜ್ಜೆ ಮುಂದೆ ಬರುತ್ತದೆ. ಮೊದಲನೆಯದಕ್ಕೆ 738, ಎರಡನೆಯದಕ್ಕೆ 1,451, ಮೂರನೆಯದಕ್ಕೆ ಒಮ್ಮೆಲೇ 7,733. ಬೆಲೆ ಎಲ್ಲಿ ಗಗನಕ್ಕೇರಿತೆಂದು ನೋಡಿದರೆ ಸಾಕು, ವೇಲೆನ್ಸ್ ಎಲೆಕ್ಟ್ರಾನ್ ಎಷ್ಟೆಂದು ಗೊತ್ತಾಗುತ್ತದೆ. ಮೆಗ್ನೀಸಿಯಂಗೆ ಎರಡು, ಹಾಗಾಗಿ ಅದರ ಅಯಾನಿಗೆ ಎರಡು ಧನಾವೇಶ.

ಈ ಎರಡು ಧನಾವೇಶದ ಪ್ರತಾಪ ಮಳೆಗಾಲದಲ್ಲಿ ಅಡುಗೆಮನೆಗೂ ಬರುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನ ಆಗರಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಆರುತ್ತಾ ಬಂದಂತೆ ಮೊದಲು ಕ್ಯಾಲ್ಸಿಯಂ ಲವಣಗಳು, ಆಮೇಲೆ ಉಪ್ಪು ಕೆಳಗಿಳಿಯುತ್ತವೆ. ಮೆಗ್ನೀಸಿಯಂ ಬಹುಪಾಲು ಕೊನೆಯ ಕಹಿನೀರಿನಲ್ಲೇ ಉಳಿಯುತ್ತದೆ. ಸ್ವಲ್ಪ ಮಾತ್ರ ಹರಳಿಗೆ ಅಂಟಿಕೊಂಡು ಬರುತ್ತದೆ. ಅದರ ಅಯಾನು ಸೋಡಿಯಂ ಅಯಾನಿಗಿಂತ ಚಿಕ್ಕದು, ಆವೇಶ ಎರಡರಷ್ಟು. ಗಾಳಿಯ ತೇವವನ್ನು ಬಲವಾಗಿ ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುವುದಕ್ಕೆ ಮುಖ್ಯ ಕಾರಣ ಈ ಮೆಗ್ನೀಸಿಯಂ ಕ್ಲೋರೈಡ್.

ಎಂಟರ ನಿಯಮವನ್ನು ನಾನು ತಳ್ಳಿಹಾಕುತ್ತಿಲ್ಲ. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್, ಜರ್ಮನಿಯ ವಾಲ್ಟರ್ ಕೊಸೆಲ್ ಬೇರೆ ಬೇರೆಯಾಗಿ ಮುಂದಿಟ್ಟ ವಿಚಾರಗಳಿಂದ ಬೆಳೆದದ್ದು ಅದು. ಆವರ್ತ ಕೋಷ್ಟಕದ ಎರಡು ಬದಿಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ನಡುವೆ ಕುಳಿತ ಕಬ್ಬಿಣಕ್ಕೆ ಹೊಂದುವುದಿಲ್ಲ. ಅದರ ವಿನ್ಯಾಸ 2, 8, 14, 2. ಎರಡು ಎಲೆಕ್ಟ್ರಾನ್ ಹೋದರೆ ಹೊರಗೆ ಉಳಿಯುವುದು ಹದಿನಾಲ್ಕು. ಮೂರು ಹೋದರೆ ಹದಿಮೂರು. ಎರಡರಲ್ಲೂ ಎಂಟಿಲ್ಲ. ಆದರೂ ಎರಡೂ ಅಯಾನುಗಳು ನಮ್ಮ ಸುತ್ತ ಧಾರಾಳವಾಗಿವೆ: ಮೊದಲನೆಯದು ರಕ್ತಹೀನತೆಗೆ ಕೊಡುವ ಮಾತ್ರೆಯಲ್ಲಿ, ಎರಡನೆಯದು ಗೇಟಿನ ತುಕ್ಕಿನಲ್ಲಿ. ಆದ್ದರಿಂದ ಮಕ್ಕಳೇ, ನೋಟ್‌ಬುಕ್ಕಿನಲ್ಲಿ ಸೋಡಿಯಂನ 2, 8, 1 ಬರೆಯುವಾಗ ಪಕ್ಕದಲ್ಲಿ 496, 4,562 ಎಂದೂ ಬರೆದುಕೊಳ್ಳಿ. 'ಬಯಸುತ್ತದೆ' ಎಂಬ ಪದ ಕಂಡರೆ ಹೊಡೆದುಹಾಕಿ.