40 ನಿಮಿಷದ ತರಗತಿಗೆ ಅಗ್ಗದ ಲ್ಯಾಪ್‌ಟಾಪ್ ಸಾಕೇ?

ಇಂಟರ್ನ್‌ಶಿಪ್ ಹತ್ತಿರ ಬಂದಾಗ ಪ್ರಶಿಕ್ಷಣಾರ್ಥಿಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಯಾವ ಲ್ಯಾಪ್‌ಟಾಪ್ ತಗೊಳ್ಳೋದು? ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲಾ ಇಂಟರ್ನ್‌ಶಿಪ್ ವಾರಗಟ್ಟಲೆ ಬೆಳೆಯಿತು, ಐಸಿಟಿಗೆಂದೇ ಒಂದು ಪತ್ರಿಕೆ ಸೇರಿತು. ಹೀಗಾಗಿ ಲ್ಯಾಪ್‌ಟಾಪ್ ಈಗ ಪಾಠಯೋಜನೆ ಪುಸ್ತಕದಷ್ಟೇ ಅಗತ್ಯದ ವಸ್ತು ಎನ್ನಿಸಿಬಿಟ್ಟಿದೆ. ನಮ್ಮಲ್ಲಿ ಬಹಳಷ್ಟು ಜನ ಅದಕ್ಕೆ ಹೊಂದಿಸಬಹುದಾದ ಹಣ 20ರಿಂದ 30 ಸಾವಿರ. ಅದೂ ಎಷ್ಟೋ ಮನೆಗಳಲ್ಲಿ ಅವ್ವ ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ. ಗದಗಿನ ಅಂಗಡಿಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ದಿನಬಳಕೆಗೆ ಇದು ಸಾಕ್ರೀ ಅಕ್ಕಾರ, ಎಲ್ಲಾ ನಡೀತೈತಿ."

ಅಂಗಡಿಯವರ ಮಾತು ಸುಳ್ಳಲ್ಲ. ಮನೆಯಲ್ಲಿ ಕುಳಿತು ಅರ್ಜಿ ತುಂಬುವವರಿಗೆ, ಸಿನಿಮಾ ನೋಡುವವರಿಗೆ, ಪತ್ರ ಬೆರಳಚ್ಚಿಸುವವರಿಗೆ ಆರಂಭಿಕ ದರ್ಜೆಯ ಯಂತ್ರ ಸಾಕು. ಅದು ಎರಡು ನಿಮಿಷ ತಡಮಾಡಿದರೆ ಒಂದು ಕಪ್ ಚಹಾ ಮಾಡಿಕೊಳ್ಳಬಹುದು. ಆದರೆ ಶಿಕ್ಷಕರ ದಿನಬಳಕೆ ನಡೆಯುವುದು 50 ಮಕ್ಕಳ ಮುಂದೆ, 40 ನಿಮಿಷದ ಅವಧಿಯೊಳಗೆ. ಅಲ್ಲಿ ತಡವಾದ ಎರಡು ನಿಮಿಷ ಎಲ್ಲ ಮಕ್ಕಳಿಂದಲೂ ಹೋಗುತ್ತದೆ. ಆದ್ದರಿಂದ ಬೆಲೆ ಇಳಿಸಲು ತಯಾರಕರು ಎಲ್ಲೆಲ್ಲಿ ಕೈ ಬಿಗಿ ಮಾಡುತ್ತಾರೆ, ಅದರಲ್ಲಿ ಯಾವುದು ತರಗತಿಗೆ ತಟ್ಟುತ್ತದೆ, ಯಾವುದು ತಟ್ಟುವುದಿಲ್ಲ ಎಂಬುದನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಶಾಲೆಗಳಲ್ಲಿ ನಮ್ಮ ಗುಂಪು ಪಾಠ ಮಾಡಿದ ಅನುಭವದ ಹಿನ್ನೆಲೆಯಲ್ಲಿ ವಿವರಿಸುತ್ತೇನೆ.

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಪ್ರೊಸೆಸರ್. ನನ್ನ ಅಭಿಪ್ರಾಯದಲ್ಲಿ ನಮ್ಮ ಕೆಲಸಕ್ಕೆ ಕಡಿಮೆ ಚಿಂತೆ ಮಾಡಬೇಕಾದದ್ದೂ ಅದೇ. ಸೆಲೆರಾನ್ ಎನ್4020ರಂಥ ಎರಡೇ ಕೋರ್‌ನ ಹಳೆಯ ಚಿಪ್ ಒಂದನ್ನು ಬಿಟ್ಟರಾಯಿತು. 2023ರ ಆರಂಭದಲ್ಲಿ ಬಂದ ಇಂಟೆಲ್ ಎನ್100ರಲ್ಲಿ ನಾಲ್ಕು ಕೋರ್‌ಗಳಿವೆ, ಸ್ಲೈಡು, ವಿಡಿಯೋ, ಜಿಯೋಜೀಬ್ರಾ ಎಲ್ಲಕ್ಕೂ ಅದು ಸಾಲುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಹೆಸರಿನ ಬಗ್ಗೆ. ರೈಜೆನ್ 3 7320ಯು ಎಂಬ ಚಿಪ್ 2022ರಲ್ಲಿ ಬಂದರೂ ಅದರೊಳಗಿನ ಕೋರ್ ವಿನ್ಯಾಸ 2019ರದು. ಎಎಂಡಿಯ ಆ ಅಂಕಿ ಪದ್ಧತಿಯಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ಸಾಲನ್ನು ಹೇಳಿದರೆ, ವಿನ್ಯಾಸದ ಪೀಳಿಗೆಯನ್ನು ಹೇಳುವುದು ಮೂರನೆಯ ಅಂಕಿ. ಹಾಗೆಂದು ಅದು ಕೆಟ್ಟ ಚಿಪ್ ಅಲ್ಲ, ಹೊಸದೆಂದು ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಅಷ್ಟೇ.

ನಿಜವಾಗಿ ಪಾಠವನ್ನು ತಡೆಯುವುದು ರ‍್ಯಾಮ್ ಮತ್ತು ಸಂಗ್ರಹದ ಜೋಡಿ. ಪ್ರಯೋಗಾಲಯದ ಹೋಲಿಕೆ ಕೊಡುವುದಾದರೆ ರ‍್ಯಾಮ್ ಎಂದರೆ ಪ್ರಯೋಗದ ಮೇಜು, ಸಂಗ್ರಹ ಎಂದರೆ ಗೋಡೆಯ ಪಕ್ಕದ ಕಪಾಟು. ಮೇಜು ದೊಡ್ಡದಿದ್ದರೆ ಬೀಕರು, ಬ್ಯುರೆಟ್ಟು, ದ್ರಾವಣ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಚಿಕ್ಕದಿದ್ದರೆ ಒಂದನ್ನು ಕಪಾಟಿಗೆ ಇಟ್ಟು ಇನ್ನೊಂದನ್ನು ತರಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಇರಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಯಂತ್ರ ಶುರುವಾಗಲು ಬೇಕಾದ ಅಳತೆ, ಪಾಠ ಮಾಡಲು ಬೇಕಾದ ಅಳತೆಯಲ್ಲ. 4 ಜಿಬಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವಿಂಡೋಸ್ ತಾನೇ ಹಿಡಿದುಕೊಳ್ಳುತ್ತದೆ. ಉಳಿದ ಜಾಗದಲ್ಲಿ ಸ್ಲೈಡು, ಪಠ್ಯಪುಸ್ತಕದ ಪಿಡಿಎಫ್, ಬ್ರೌಸರ್‌ನಲ್ಲಿ ಫೆಟ್ ಸಿಮ್ಯುಲೇಶನ್ ಮೂರೂ ತೆರೆದರೆ ಮೇಜು ತುಂಬಿತು. ಯಂತ್ರ ಕಪಾಟಿಗೆ ಓಡಾಡಲು ಶುರುಮಾಡುತ್ತದೆ.

ಆ ಕಪಾಟು ಎಂಥದು ಎಂಬುದು ಆಗ ಮುಖ್ಯವಾಗುತ್ತದೆ. ಅಗ್ಗದ ಮಾದರಿಗಳಲ್ಲಿ ಎಸ್‌ಎಸ್‌ಡಿ ಬದಲು ಇಎಂಎಂಸಿ ಇರುತ್ತದೆ, ಅಂದರೆ ಮೊಬೈಲ್ ಫೋನುಗಳಲ್ಲಿ ಬಳಸುತ್ತಿದ್ದ ಜಾತಿಯ ಚಿಪ್. ಅದರ 5.1 ಆವೃತ್ತಿಯ ಸಂಪರ್ಕದ ಗರಿಷ್ಠ ಮಿತಿಯೇ ಸೆಕೆಂಡಿಗೆ 400 ಎಂಬಿ. ಸಾಧಾರಣ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ, ಎನ್‌ವಿಎಂಇ ಎಸ್‌ಎಸ್‌ಡಿ ಅದರ ಹಲವು ಪಟ್ಟು ವೇಗದ್ದು. ಚಿಕ್ಕಚಿಕ್ಕ ಕಡತಗಳನ್ನು ಓದಿ ಬರೆಯುವಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ಮೇಲಾಗಿ ಪೆಟ್ಟಿಗೆಯ ಮೇಲೆ 64 ಜಿಬಿ ಎಂದಿದ್ದರೆ ವಿಂಡೋಸ್ ತೋರಿಸುವುದು ಸುಮಾರು 59. ವಿಂಡೋಸ್ ಕೂತ ಮೇಲೆ, ಅದರ ಅಪ್‌ಡೇಟ್‌ಗಳು ಇಳಿದ ಮೇಲೆ, ಒಂದು ಸೆಮಿಸ್ಟರಿನ ವಿಡಿಯೋಗಳಿಗೂ ಜಾಗ ಇರುವುದಿಲ್ಲ.

ತರಗತಿಯಲ್ಲಿ ಇದರ ಪರಿಣಾಮ ಹೀಗೆ. 5ಇ ಮಾದರಿಯ ಪಾಠಯೋಜನೆಯಲ್ಲಿ ಮಕ್ಕಳನ್ನು ತೊಡಗಿಸುವ ಮೊದಲ ಹಂತಕ್ಕೆ ನಾವು ಬರೆಯುವುದು ಐದು ನಿಮಿಷ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಗೆಳತಿಯ 4 ಜಿಬಿ ಯಂತ್ರ ಆನ್ ಆಗಿ, ಬ್ರೌಸರ್ ತೆರೆದು, ವಿದ್ಯುತ್ ಮಂಡಲದ ಸಿಮ್ಯುಲೇಶನ್ ಪರದೆಗೆ ಬರುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಹಿಂದಿನ ಬೆಂಚಿನವರು ತಮ್ಮದೇ ಮಾತಿಗೆ ತೊಡಗಿದ್ದರು. ಆಕೆ ಅದನ್ನು ಬದಿಗಿಟ್ಟು ಬಲ್ಬು, ಸೆಲ್ಲು, ತಂತಿ ತೆಗೆದು ಪಾಠ ಮುಗಿಸಿದಳು, ಚೆನ್ನಾಗಿಯೇ ಮುಗಿಸಿದಳು. ಆದರೆ ವೀಕ್ಷಣಾ ಪಟ್ಟಿಯಲ್ಲಿ ಐಸಿಟಿ ಬಳಕೆಯ ಕಾಲಂನಲ್ಲಿ ಅಂಕ ಕಡಿಮೆಯಾಯಿತು. ನಮ್ಮ ಬೋಧಕರಲ್ಲಿ ನನ್ನದೊಂದು ವಿನಂತಿ: ಆ ಕಾಲಂ ಅಳೆಯಬೇಕಾದದ್ದು ಪ್ರಶಿಕ್ಷಣಾರ್ಥಿ ತಂತ್ರಜ್ಞಾನವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬ ವಿವೇಚನೆಯನ್ನು. 25 ಸಾವಿರದ ಯಂತ್ರವನ್ನೂ 60 ಸಾವಿರದ ಯಂತ್ರವನ್ನೂ ಒಂದೇ ಕಾಲಂನಲ್ಲಿ ನಿಲ್ಲಿಸಿದರೆ ನಾವು ಅಳೆಯುತ್ತಿರುವುದು ಮನೆಯ ಆದಾಯವನ್ನು.

ಇನ್ನು ಪರದೆಯ ವಿಷಯ. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದನ್ನು ಸಿನಿಮಾ ನೋಡುವವರ ತೊಂದರೆ ಎಂಬಂತೆ ಬರೆಯುತ್ತಾರೆ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಅದು ಓದಿನ ತೊಂದರೆ. 1366×768 ಪರದೆಯಲ್ಲಿ ಸುಮಾರು 10.5 ಲಕ್ಷ ಚುಕ್ಕೆಗಳಿದ್ದರೆ 1920×1080ರಲ್ಲಿ 20.7 ಲಕ್ಷ. ಇಂಗ್ಲಿಷ್ ಅಕ್ಷರ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. 'ದ್ಯುತಿಸಂಶ್ಲೇಷಣೆ', 'ವಿದ್ಯುದ್ವಿಭಜನೆ' ಇಂಥ ಪದಗಳನ್ನು ಪಿಡಿಎಫ್ ಪುಟದ ಸಣ್ಣ ಅಕ್ಷರದಲ್ಲಿ ಕಡಿಮೆ ಚುಕ್ಕೆಗಳ ಪರದೆಯ ಮೇಲೆ ತೆರೆದರೆ ಒತ್ತಕ್ಷರಗಳು ಮಸಿಯ ಗುಡ್ಡೆಯಂತೆ ಕಾಣುತ್ತವೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು, ಅದು ಮುಚ್ಚಿಹೋದರೆ ಧನ ಅಯಾನು ದನ ಆಗುತ್ತದೆ. ಮಕ್ಕಳು ನಗುತ್ತಾರೆ, ನಗಲಿ. ಆದರೆ ಟಿಪ್ಪಣಿ ಪುಸ್ತಕದಲ್ಲೂ ಹಾಗೆಯೇ ಬರೆದುಕೊಳ್ಳುತ್ತಾರೆ.

ಬಣ್ಣದ ಕಥೆಯೂ ಇದೆ. ಅಗ್ಗದ ಟಿಎನ್ ಪರದೆಗಳ ವಿವರದಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ ಎಂದಿರುತ್ತದೆ. ಅಂದರೆ ಸಾಮಾನ್ಯ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು 60 ಶೇಕಡಾ ಮಾತ್ರ ತೋರಿಸಬಲ್ಲದು. ಹೊಳಪು 220ರಿಂದ 250 ನಿಟ್ಸ್. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಮಕ್ಕಳನ್ನು ಆರಾರು ಜನರ ಗುಂಪು ಮಾಡಿ ಲ್ಯಾಪ್‌ಟಾಪ್ ಸುತ್ತ ಕೂರಿಸುತ್ತೇವೆ. ಟಿಎನ್ ಪರದೆಯನ್ನು ನೇರವಾಗಿ ನೋಡಿದರೆ ಸರಿ, ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ, ನೆಲದ ಮೇಲೆ ಕುಳಿತು ಕೆಳಗಿನಿಂದ ನೋಡಿದರೆ ಬಣ್ಣ ತಲೆಕೆಳಗಾಗುತ್ತದೆ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದಲ್ಲಿ ಪಿಎಚ್ ಬಣ್ಣದ ಪಟ್ಟಿ ತೋರಿಸುವಾಗ ಮುಂಡರಗಿಯಲ್ಲಿ ಒಬ್ಬ ಹುಡುಗಿ ಕೇಳಿದಳು, "ಟೀಚರ್, 6ಕ್ಕೂ 7ಕ್ಕೂ ಬಣ್ಣ ಒಂದ ಐತಲ್ರೀ?" ಅವಳು ಕುಳಿತ ಜಾಗದಿಂದ ಅದು ಒಂದೇ ಆಗಿತ್ತು. ಐಪಿಎಸ್ ಪರದೆಯಲ್ಲಿ ಈ ಕೋನದ ತೊಂದರೆ ಇಲ್ಲ. ಈಗ ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲೂ ಐಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಪರದೆಯನ್ನು ಓರೆ ಮಾಡಿ ನೋಡಬೇಕು.

ಬ್ಯಾಟರಿಯ ಲೆಕ್ಕ ಸರಳ ಭಾಗಾಕಾರ. 38 ವ್ಯಾಟ್-ಅವರ್ ಬ್ಯಾಟರಿ, ಯಂತ್ರ ಗಂಟೆಗೆ 9.5 ವ್ಯಾಟ್-ಅವರ್ ಬಳಸಿದರೆ ನಾಲ್ಕು ಗಂಟೆ. ಪರದೆಯ ಹೊಳಪು ಪೂರ್ತಿ ಏರಿಸಿದರೆ ಇನ್ನೂ ಕಡಿಮೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದರೂ ಬೇಸಿಗೆಯ ಮಧ್ಯಾಹ್ನ ಕರೆಂಟ್ ಇದ್ದೇ ಇರುತ್ತದೆ ಎಂದು ನಂಬಿ ಯಾರೂ ಪಾಠ ಯೋಜಿಸುವುದಿಲ್ಲ. ಬೆಳಿಗ್ಗೆ ಗದಗಿನಿಂದ ಬಸ್ಸು ಹತ್ತಿ ಶಿರಹಟ್ಟಿಗೆ ಹೋಗುವವರಿಗೆ ಚಾರ್ಜರ್ ಇದ್ದರೂ ತರಗತಿಯಲ್ಲಿ ಪ್ಲಗ್ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಆದ್ದರಿಂದ 40ಕ್ಕಿಂತ ಹೆಚ್ಚು ವ್ಯಾಟ್-ಅವರ್ ಇರುವುದನ್ನು ನೋಡುವುದು ಒಳ್ಳೆಯದು. ತೂಕ ಕಡಿಮೆ ಎಂದು ಹೊಗಳುವ ಕಡೆ ಬ್ಯಾಟರಿಯ ಅಂಕಿಯನ್ನೂ ಹುಡುಕಬೇಕು.

ಕಿಂಡಿಗಳ ತೊಂದರೆ ಚಿಕ್ಕದು. ಶಾಲೆಯ ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ, ಹೊಸ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ. ಕೆಲ ನೂರು ರೂಪಾಯಿಯ ಅಡಾಪ್ಟರ್‌ನಿಂದ ಮುಗಿಯುತ್ತದೆ. ವೆಬ್‌ಕ್ಯಾಮ್ ಮಸುಕಾಗಿದ್ದರೂ ಪರವಾಗಿಲ್ಲ, ಸೂಕ್ಷ್ಮಬೋಧನೆಯನ್ನು ಚಿತ್ರೀಕರಿಸುವುದು ಫೋನಿನಲ್ಲೇ.

ಹೆಚ್ಚು ಜನ ಗಮನಿಸದ ರಾಜಿ ಒಂದಿದೆ, ಅದು ಕನ್ನಡದ್ದು. ರಿಲಯನ್ಸ್ ಜಿಯೋ 2023ರಲ್ಲಿ 16,499 ರೂಪಾಯಿಗೆ ಜಿಯೋಬುಕ್ ತಂದಾಗ ಅದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ದೊಡ್ಡ ಸುದ್ದಿ. 11.6 ಇಂಚಿನ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ, ಒಂದು ಕಿಲೋಗಿಂತ ಕಡಿಮೆ ತೂಕ. ಆದರೆ ಅದು ನಡೆಯುವುದು ಜಿಯೋಓಎಸ್‌ನಲ್ಲಿ, ವಿಂಡೋಸ್‌ನಲ್ಲಿ ಅಲ್ಲ. ಹೀಗಾಗಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ವಿಂಡೋಸ್‌ನಲ್ಲಿದ್ದಂತೆ ಅದರಲ್ಲಿ ಹಾಕಿಕೊಳ್ಳಲಾಗದು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆ, ಕ್ರಿಯಾಯೋಜನೆ, ಹಳೆಯ ಪಾಠಯೋಜನೆಗಳು ಬಹುಪಾಲು ನುಡಿಯ ಹಳೆಯ ಫಾಂಟುಗಳಲ್ಲೇ ಇವೆ. ಅವು ಯೂನಿಕೋಡ್ ಅಲ್ಲದ ಕಾರಣ ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ವಿಂಡೋಸ್ ಇಲ್ಲದ ಯಂತ್ರ ಕೊಳ್ಳುವುದೇ ಆದರೆ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳಬಹುದು. ಅದರ ಐಬಸ್‌ನಲ್ಲಿ ಕೆಜಿಪಿ ಕೀಲಿವಿನ್ಯಾಸವೇ ಸಿಗುವುದರಿಂದ ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸ ಪಾಠ ಬೇಕಿಲ್ಲ, ಲಿಬ್ರೆಆಫೀಸ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಮೂಡುತ್ತದೆ. 4 ಜಿಬಿ ಯಂತ್ರದಲ್ಲಿ ವಿಂಡೋಸ್ 11ಕ್ಕಿಂತ ಹಗುರವಾದ ಲಿನಕ್ಸ್ ಆವೃತ್ತಿಗಳು ಸಲೀಸಾಗಿ ನಡೆಯುತ್ತವೆ ಎಂಬುದೂ ಲಾಭವೇ.

ಕೀಲಿಮಣೆಯ ಮಾತು ಬಂದಾಗ ನಮ್ಮ ಪದವಿಯ ವರ್ಷಗಳು ನೆನಪಾಗುತ್ತವೆ. 2019-20ರ ಸಾಲಿನ ಪ್ರಥಮ ವರ್ಷದವರಿಗೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಲ್ಯಾಪ್‌ಟಾಪ್ ಹಂಚಿದರು. ಮುಂದಿನ ಸಾಲಿನವರಿಗೆ, ಕೋವಿಡ್ ಕಾಲದಲ್ಲಿ, 2021ರಲ್ಲಿ ಸುಮಾರು 1.55 ಲಕ್ಷ ಟ್ಯಾಬ್ಲೆಟ್ ಕೊಟ್ಟರು. ಆನ್‌ಲೈನ್ ತರಗತಿ ಕೇಳುವುದಕ್ಕೆ ಟ್ಯಾಬ್ ಸಾಕಿತ್ತು, ಆಗ ಬೇಕಾಗಿದ್ದದ್ದೂ ಅದೇ. ಇವತ್ತು ಬಿ.ಇಡಿ.ಯಲ್ಲಿ ಆ ಎರಡೂ ತಂಡದವರಿದ್ದಾರೆ. ಘಟಕ ಪರೀಕ್ಷೆಯ ನೀಲನಕ್ಷೆಯ ಕೋಷ್ಟಕವನ್ನು ಟ್ಯಾಬಿನ ಗಾಜಿನ ಮೇಲೆ ಬೆರಳಾಡಿಸಿ ತಯಾರಿಸುವವರ ಪಾಡು ನೋಡಿದರೆ, ಕೇಳುವ ಯಂತ್ರಕ್ಕೂ ಬರೆಯುವ ಯಂತ್ರಕ್ಕೂ ಇರುವ ದೂರ ತಿಳಿಯುತ್ತದೆ.

ಕೊಳ್ಳುವಾಗ ನಾನು ಹಾಕುವ ಪ್ರಶ್ನೆ ಒಂದೇ: ಈ ಕೊರತೆಯನ್ನು ಮುಂದೆ ಸರಿಪಡಿಸಬಹುದೇ? ಅಡಾಪ್ಟರ್ ಕೊಳ್ಳಬಹುದು, ಲಿನಕ್ಸ್ ಹಾಕಬಹುದು, ಕೀಲಿಗಳ ಮೇಲೆ ಕನ್ನಡ ಸ್ಟಿಕರ್ ಅಂಟಿಸಬಹುದು. ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದ್ದರೆ ಇಂದು 4 ಜಿಬಿ ಇರುವುದು ನಾಳೆ 8 ಆಗುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಅದು ಕೊನೆಯವರೆಗೂ ಅಷ್ಟೇ, ಇಎಂಎಂಸಿಯೂ ಹಾಗೆಯೇ. ಪರದೆ ಬದಲಿಸುವುದು ದುಬಾರಿ. ಯಂತ್ರ ಕೆಟ್ಟು ಕಂಪನಿಯ ಸರ್ವಿಸ್ ಸೆಂಟರ್‌ಗೆಂದು ಹುಬ್ಬಳ್ಳಿಗೆ ಹೋಗಬೇಕಾದರೆ ಮುಂಡರಗಿಯವರಿಗೆ ಒಂದು ದಿನ ಕಳೆಯುತ್ತದೆ, ಇಂಟರ್ನ್‌ಶಿಪ್ ಹಾಜರಿಯೂ ಒಂದು ತಪ್ಪುತ್ತದೆ.

ಹೊಸದಕ್ಕೆ ಹಣವಿಲ್ಲದವರು ಮನೆಯ ಹಳೆಯ ಲ್ಯಾಪ್‌ಟಾಪ್ ಬಿಸಾಡಬೇಕಿಲ್ಲ. ಅದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದೇ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಊರಿನ ರಿಪೇರಿ ಅಂಗಡಿಯವರೇ ಕೂರಿಸಿಕೊಡುತ್ತಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಹಿಡಿಸದ ಯಂತ್ರಗಳಿಗೆ ಜೊತೆಯಲ್ಲೇ ಲಿನಕ್ಸ್ ಹಾಕಿಸಿಕೊಳ್ಳುವುದು ಸುರಕ್ಷಿತ. ಪಾಠದ ದಿನ ಯಂತ್ರವನ್ನು ಪೂರ್ತಿ ಆಫ್ ಮಾಡದೆ, ಬೇಕಾದ ಕಡತಗಳನ್ನು ತೆರೆದೇ ಇಟ್ಟು, ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಒಯ್ಯಿರಿ. ಸಿಮ್ಯುಲೇಶನ್‌ಗಳನ್ನು ಮೊದಲೇ ಇಳಿಸಿಕೊಳ್ಳಿ, ಫೆಟ್‌ನ ಎಚ್‌ಟಿಎಂಎಲ್5 ಕಡತಗಳು ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತವೆ. ಲಕ್ಷ್ಮೇಶ್ವರದ ಆ ಗೆಳತಿ ಮುಂದಿನ ಪಾಠಗಳಿಗೆ ಹೀಗೆಯೇ ಮಾಡಿದಳು. ಯಂತ್ರ ಅದೇ 4 ಜಿಬಿಯದು, ಸಿಮ್ಯುಲೇಶನ್ ಪರದೆಗೆ ಬರಲು ಹಿಡಿದದ್ದು ಅರ್ಧ ನಿಮಿಷ.