ಬಟ್ಟೆಗೆ ಮೇಣ ಬಿದ್ದರೆ ಏನು ಮಾಡಬೇಕು?



ಶಿರಾಡಿ ಘಾಟಿಯ ನೆತ್ತಿಯ ಮೇಲಿರುವ ನಮ್ಮ ಮಾರನಹಳ್ಳಿಯ ಕಡೆ ಮುಂಗಾರು ಹಿಡಿಯಿತೆಂದರೆ ಬೇಗ ಬಿಡುವುದಿಲ್ಲ. ಗಾಳಿಗೆ ಮರ ಉರುಳಿ ತಂತಿ ಹರಿಯುತ್ತದೆ, ದೀಪ ಹೋಗುತ್ತದೆ. ಆಗ ಮೇಣದ ಬತ್ತಿಯೇ ಗತಿ. ಬೆಳಗಾದ ಮೇಲೆ ನೋಡಿದರೆ ಹೊದಿಕೆ, ಮೇಜು, ನೆಲ ಎಲ್ಲೆಲ್ಲೂ ಮೇಣದ ಹನಿಗಳು. ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಇದನ್ನು ತೆಗೆಯುವ ಆತುರದಲ್ಲಿ ಒಳ್ಳೆಯ ಬಟ್ಟೆ ಕೆಡುವುದುಂಟು, ಮನೆಗೆ ಬೆಂಕಿ ಬೀಳುವ ಅಪಾಯವೂ ಉಂಟು.

ನನ್ನ ಅನುಭವವನ್ನೇ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಮೆಣಸಿನ ಬಳ್ಳಿಯ ಸೊರಗು ರೋಗದ ವಿಚಾರ ಮಾತನಾಡಲು ಒಂದು ಮನೆಗೆ ಹೋಗಿದ್ದೆ. ದೀಪ ಹೋಯಿತು. ಮೇಣದ ಬತ್ತಿ ಹಚ್ಚಿ ತಂದಿಟ್ಟರು. ನನ್ನ ಕೈ ತಗುಲಿ ಅದು ಉರುಳಿ, ಕರಗಿದ ಮೇಣವೆಲ್ಲ ಆ ಮನೆಯ ಅಜ್ಜಿಯ ಕಂಬಳಿಯ ಮೇಲೆ ಚೆಲ್ಲಿತು. ನಾಚಿಕೆಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಮೇಣ ಹೋಗಲಿಲ್ಲ, ಉಣ್ಣೆಯೊಳಕ್ಕೆ ಇನ್ನೂ ಇಳಿಯಿತು. ಆಮೇಲೆ ಮೂಲೆಯಲ್ಲಿದ್ದ ಸೀಮೆಎಣ್ಣೆ ಸೀಸೆಗೆ ಕೈ ಹಾಕಿದೆ. ಪಕ್ಕದಲ್ಲೇ ಒಲೆ ಉರಿಯುತ್ತಿತ್ತು. ಅಜ್ಜಿ ಸೀಸೆ ಕಿತ್ತುಕೊಂಡು, "ಕಂಬಳಿ ಹೋದ್ರೆ ಹೋಗ್ಲಿ ಕಣಪ್ಪ, ಮನೆ ಸುಡಬ್ಯಾಡ. ಮೊದ್ಲು ಅದು ಆರ್ಲಿ ಬಿಡು" ಎಂದರು. ಡಿಪ್ಲೊಮಾ ಓದಿದ ನನಗೆ ಹೊಳೆಯದ ಬುದ್ಧಿ ಅವರಿಗಿತ್ತು. ಮೇಣ ತೆಗೆಯುವ ಕೆಲಸದ ಮೊದಲ ಪಾಠವೇ ಅದು: ಆರಲಿ ಬಿಡಿ.

ಮೇಣದ ಗುಣ

ಅಂಗಡಿಯ ಮೇಣದ ಬತ್ತಿ ಹೆಚ್ಚಾಗಿ ಪ್ಯಾರಾಫಿನ್ ಮೇಣದ್ದು. ಇದು ಕಲ್ಲೆಣ್ಣೆಯಿಂದ, ಎಂದರೆ ಪೆಟ್ರೋಲಿಯಂನಿಂದ, ಬರುವ ಪದಾರ್ಥ. ನೀರಿಗೂ ಇದಕ್ಕೂ ಸೇರದು. ಆದುದರಿಂದ ತಣ್ಣೀರಿನಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಮೈಗೆ ಹಾಕಿಕೊಳ್ಳುವ ಬಿಸಿನೀರು ಅಷ್ಟು ಕಾದಿರುವುದಿಲ್ಲ; ಕುದಿಯುವ ನೀರು ಬೇಕು. ತಣ್ಣಗಾದಾಗ ಗಟ್ಟಿಯಾಗಿ ಹೆಕ್ಕಳಿಕೆಯಂತೆ ಏಳುತ್ತದೆ. ಈ ಗುಣಗಳನ್ನು ತಿಳಿದರೆ ತೆಗೆಯುವ ದಾರಿಯೂ ತಿಳಿಯುತ್ತದೆ: ಮೊದಲು ಗಟ್ಟಿ ಮಾಡಿ ಕೆರೆಯಬೇಕು, ಉಳಿದದ್ದನ್ನು ಕರಗಿಸಿ ಹೀರಿಸಬೇಕು, ಕೊನೆಗೆ ಸಾಬೂನಿನಿಂದ ಒಗೆಯಬೇಕು.

ಹತ್ತಿ ಬಟ್ಟೆ

ಮೇಣ ಪೂರ್ತಿ ಆರಿದ ಮೇಲೆ ಚಾಕುವಿನ ಮೊಂಡು ಬೆನ್ನಿನಿಂದಲೋ ಚಮಚದ ಅಂಚಿನಿಂದಲೋ ಮೆಲ್ಲಗೆ ಕೆರೆಯಿರಿ. ನಂತರ ಕಲೆಯ ಕೆಳಗೂ ಮೇಲೂ ಹಳೆಯ ಬಿಳಿ ಹತ್ತಿ ಬಟ್ಟೆಯನ್ನೋ ಅಚ್ಚಿಲ್ಲದ ಕಾಗದವನ್ನೋ ಇಟ್ಟು, ಹದವಾಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿರಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಆ ಬಟ್ಟೆ ಕರಗಿದ ಮೇಣವನ್ನು ಹೀರುತ್ತದೆ. ಹೀರಿದ ಜಾಗವನ್ನು ಬದಲಾಯಿಸುತ್ತ, ಜಿಡ್ಡು ಕಾಣದಾಗುವವರೆಗೆ ಒತ್ತಿರಿ. ವೃತ್ತಪತ್ರಿಕೆ ಬೇಡ, ಅದರ ಶಾಯಿ ಬಟ್ಟೆಗೆ ಹತ್ತೀತು. ಇಸ್ತ್ರಿ ಪೆಟ್ಟಿಗೆ ಇಲ್ಲದವರು ತಳ ಚಪ್ಪಟೆಯಾದ ಪಾತ್ರೆಗೆ ಕುದಿನೀರು ಹಾಕಿ, ಕೈ ಸುಡದಂತೆ ಹಿಡಿದು ಒತ್ತಬಹುದು.

ಬಣ್ಣ ಹೋಗದ ದಪ್ಪ ಹತ್ತಿ ಬಟ್ಟೆಯಾದರೆ ಕುದಿನೀರಿನಲ್ಲಿ ಅದ್ದಲೂಬಹುದು. ನೀರಿಗಿಂತ ಹಗುರವಾದ ಮೇಣ ಮೇಲಕ್ಕೆ ತೇಲುತ್ತದೆ. ಬಟ್ಟೆಯನ್ನು ಬಿಸಿಯಿರುವಾಗಲೇ ಕೋಲಿನಿಂದ ಎತ್ತಿ ತೆಗೆಯಿರಿ. ನೀರು ಆರುವವರೆಗೆ ಬಿಟ್ಟರೆ ಮೇಣ ಮತ್ತೆ ಅಂಟುತ್ತದೆ. ಆ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ಮೇಣ ಕೊಳವೆಯಲ್ಲಿ ಹೆಪ್ಪುಗಟ್ಟಿ ನೀರು ನಿಲ್ಲುತ್ತದೆ. ತಣ್ಣಗಾದ ಮೇಲೆ ಕೆನೆಯಂತೆ ಎತ್ತಿ ತೆಗೆದು ಆಮೇಲೆ ಚೆಲ್ಲಿ.

ಕಂಬಳಿ, ರೇಷ್ಮೆ, ಪಾಲಿಯೆಸ್ಟರ್

ಇವುಗಳಿಗೆ ಕುದಿನೀರು ಸಲ್ಲದು. ಕಂಬಳಿ ಕುಗ್ಗಿ ಗಂಟುಗಟ್ಟುತ್ತದೆ, ರೇಷ್ಮೆ ಹೊಳಪು ಕಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಸುಕ್ಕು ಬೀಳುತ್ತದೆ. ಕಂಬಳಿಯನ್ನು ತಣ್ಣನೆಯ ಜಾಗದಲ್ಲಿಟ್ಟು, ಮೇಣ ಗಟ್ಟಿಯಾದ ಮೇಲೆ ಮಡಿಸಿ ಮುರಿದು, ಪುಡಿಯನ್ನು ಬ್ರಷ್‌ನಿಂದ ಕೊಡವಿ. ಉಳಿದ ಜಿಡ್ಡಿಗೆ ಮೇಲೆ ಬಟ್ಟೆ ಇಟ್ಟು ಕಡಿಮೆ ಶಾಖದ ಇಸ್ತ್ರಿ ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪ ಹೊತ್ತು ಒತ್ತಿರಿ. ಅಜ್ಜಿಯ ಕಂಬಳಿ ಮರುದಿನ ಹೀಗೆಯೇ ಉಳಿಯಿತು. ರೇಷ್ಮೆ ಸೀರೆ, ಪಾಲಿಯೆಸ್ಟರ್ ಬಟ್ಟೆಗೂ ಇದೇ ಕ್ರಮ; ಆದರೆ ಮೊದಲು ಒಳ ಅಂಚಿನಲ್ಲಿ ಪರೀಕ್ಷಿಸಿ ನೋಡಿ. ಬಣ್ಣದ ಬತ್ತಿಯ ಮೇಣವಾದರೆ ಕೆರೆದಷ್ಟೂ ಒಳ್ಳೆಯದು, ಏಕೆಂದರೆ ಶಾಖಕ್ಕೆ ಆ ಬಣ್ಣ ಬಟ್ಟೆಗೆ ಹಿಡಿಯಬಹುದು.

ನೆಲ, ಮೇಜು, ಹಿತ್ತಾಳೆ

ಕೆಂಪು ಸಿಮೆಂಟಿನ ನೆಲವನ್ನು ಕತ್ತಿಯಿಂದ ಕೆರೆದರೆ ಗೀರು ಬೀಳುತ್ತದೆ. ಮರದ ಚಕ್ಕೆಯಿಂದ ಎಬ್ಬಿಸಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಸಾಬೂನು ಹಾಕಿ ತೊಳೆಯಿರಿ. ಜಿಡ್ಡು ಉಳಿದರೆ ಮುದುಕರು ಮಕ್ಕಳು ಜಾರಿ ಬಿದ್ದಾರು. ಸಗಣಿ ಸಾರಿಸಿದ ನೆಲವಾದರೆ ಮೇಣದ ಪದರವನ್ನು ಮೇಲುಮೇಲಾಗಿ ಎತ್ತಿ ಮತ್ತೆ ಸಾರಿಸಿದರೆ ಆಯಿತು. ಮರದ ಮೇಜಿಗೂ ಮರದ ಚಕ್ಕೆಯೇ ಸರಿ. ಕುದಿನೀರು ಹೊಯ್ದರೆ ಮೆರುಗು ಬೆಳ್ಳಗಾಗುತ್ತದೆ. ಹಿತ್ತಾಳೆಯ ದೀಪ, ತಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಆಮೇಲೆ ಹುಣಿಸೆಹಣ್ಣಿನಿಂದ ಬೆಳಗಿರಿ.

ಬೆಂಕಿಯ ಎಚ್ಚರ

ಸೀಮೆಎಣ್ಣೆ, ಟರ್ಪೆಂಟೈನ್ ಮೇಣವನ್ನು ಕರಗಿಸುವುದು ನಿಜ. ಆದರೆ ಮೇಲೆ ಹೇಳಿದ ಕ್ರಮದಲ್ಲಿ ಇವು ಬೇಕಾಗುವುದೇ ಅಪರೂಪ. ಬಳಸಲೇಬೇಕಾದರೆ ಹಗಲಿನಲ್ಲಿ, ಮನೆಯ ಹೊರಗೆ, ಒಲೆ ಬೀಡಿಗಳಿಂದ ದೂರದಲ್ಲಿ ಬಳಸಿ. ಹಚ್ಚಿದ ಬಟ್ಟೆಗೆ ಇಸ್ತ್ರಿ ತಾಗಿಸಲೇಬೇಡಿ. ಒಗೆದು, ವಾಸನೆ ಹೋಗುವವರೆಗೆ ಹೊರಗೆ ಒಣಗಿಸಿ. ಪೆಟ್ರೋಲನ್ನಂತೂ ಮುಟ್ಟಲೇಬೇಡಿ. ಮೇಣವನ್ನು ನೇರವಾಗಿ ಒಲೆಯ ಮೇಲೆ ಕಾಯಿಸಬಾರದು. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕದೆ ಮುಚ್ಚಳ ಮುಚ್ಚಿ, ಒಲೆ ಆರಿಸಿ. ಬಿಸಿ ಮೇಣ ಮೈಮೇಲೆ ಬಿದ್ದರೆ ಕೀಳಬೇಡಿ. 20 ನಿಮಿಷ ತಣ್ಣೀರು ಹರಿಸಿ. ಗುಳ್ಳೆ ಎದ್ದರೆ ಆಸ್ಪತ್ರೆಗೆ ತೋರಿಸಿ.

ಬೀಳದಂತೆ ನೋಡಿಕೊಳ್ಳುವುದು

ಎಲ್ಲಕ್ಕಿಂತ ಸುಲಭ ಉಪಾಯವೆಂದರೆ ಅಗಲವಾದ ತಟ್ಟೆಯಲ್ಲಿ ಮರಳು ಹಾಕಿ ಅದರ ನಡುವೆ ಬತ್ತಿಯನ್ನು ನಿಲ್ಲಿಸುವುದು. ಮೇಣವೂ ಹರಡದು, ಬತ್ತಿಯೂ ಸುಲಭವಾಗಿ ಉರುಳದು. ಕಾಫಿ ಚೀಲ, ಹುಲ್ಲು, ಹಾಸಿಗೆಗಳ ಹತ್ತಿರ ಇಡಬೇಡಿ. ಮಲಗುವ ಮೊದಲು ಆರಿಸಿ. ಕೆರೆದ ಮೇಣವನ್ನು ಡಬ್ಬಿಯಲ್ಲಿ ಕೂಡಿಡಿ. ಗರಗಸಕ್ಕೆ, ಬಿಗಿಯಾದ ಮೇಜಿನ ಖಾನೆಗೆ, ಚೀಲ ಹೊಲಿಯುವ ದಾರಕ್ಕೆ ಸವರಿದರೆ ಕೆಲಸ ಹಗುರವಾಗುತ್ತದೆ.

ಈ ಮಳೆಗಾಲ ಬರುವ ಮೊದಲೇ ಮರಳಿನ ತಟ್ಟೆಯೊಂದನ್ನು ಪ್ರತಿ ಮನೆಯಲ್ಲಿಯೂ ಸಿದ್ಧಮಾಡಿಕೊಳ್ಳಿರೆಂದು ಕೋರುತ್ತೇನೆ.

— ಗ್ರಾಮಸೇವಕ, ಮಾರನಹಳ್ಳಿ